ಸಿಗರೇಟು ಬಿಟ್ಟ ಕೈಗೊಂದು ಆಸರೆ: ನಿಕೋಟಿನ್ ಇಲ್ಲದ ಇನ್ಹೇಲರ್ ಆರಿಸೋದು ಹೇಗೆ

ನಾನು ಮೊಬೈಲ್ ರಿಪೇರಿ ಮಾಡುವವನು. ದಿನವಿಡೀ ಒಂದು ಕೈಯಲ್ಲಿ ಚಿಮಟ, ಇನ್ನೊಂದರಲ್ಲಿ ಸ್ಕ್ರೂಡ್ರೈವರ್. 17 ವರ್ಷ ಸಿಗರೇಟು ಸೇದಿದೆ. ಅದನ್ನು ಬಿಡುತ್ತೇನೆ ಅಂತ ವೇಪ್ (ಬ್ಯಾಟರಿಯಿಂದ ದ್ರವ ಕಾಯಿಸಿ ಆವಿ ಎಳೆಯುವ, ಪೆನ್ನಿನಂಥ ಸಾಧನ) ಹಿಡಿದು ಮತ್ತೆರಡು ವರ್ಷ ಕಳೆದೆ. ಈಗ ಎರಡೂ ಇಲ್ಲದೆ ಮೂರು ವರ್ಷ ಆಗಿದೆ. ಬಿಡುವ ಹೊತ್ತಿನಲ್ಲಿ ನನಗೆ ಎರಡು ವಸ್ತು ನೆರವಾದವು. ಒಂದು, ವೈದ್ಯರು ಹೇಳಿ ಹಚ್ಚಿಸಿದ ನಿಕೋಟಿನ್ ಪ್ಯಾಚ್, ಅಂದರೆ ತಂಬಾಕಿನಲ್ಲಿ ಚಟ ಹಿಡಿಸುವ ಆ ವಸ್ತುವನ್ನು ಚರ್ಮದ ಮೂಲಕ ಸ್ವಲ್ಪ ಸ್ವಲ್ಪವಾಗಿ ಕೊಡುವ ಪಟ್ಟಿ. ಇನ್ನೊಂದು, ತೋರುಬೆರಳಿನಷ್ಟು ಉದ್ದದ, ಒಳಗೆ ಬತ್ತಿ ಇರುವ ಒಂದು ಮೂಗಿನ ಇನ್ಹೇಲರ್. ಪ್ಯಾಚ್ ವಿಷಯ ವೈದ್ಯರೇ ಹೇಳಬೇಕು. ಇನ್ಹೇಲರ್ ವಿಷಯ ನಾನು ಹೇಳಬಲ್ಲೆ, ಏಕೆಂದರೆ ಸರಿಯಾದದ್ದು ಸಿಗುವ ಮೊದಲು ಮೂರು ಸಲ ತಪ್ಪು ಆರಿಸಿದ್ದೆ. ಅದರಲ್ಲಿ ಒಂದು ನನ್ನನ್ನು ವಾಪಸ್ ನಿಕೋಟಿನ್‌ಗೇ ತಳ್ಳಿತು.

ಕೊಳ್ಳುವ ಮೊದಲು ಮೂರು ದಿನ ಬರೆದಿಡಿ

ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಇನ್ನೂ ಸೇದುತ್ತಿರುವಾಗಲೇ ಮಾಡಬೇಕಾದ ಕೆಲಸ ಇದು. ಒಂದು ಚೀಟಿ ಇಟ್ಟುಕೊಂಡು, ಪ್ರತಿ ಸಿಗರೇಟಿಗೂ ಒಂದು ಸಾಲು ಬರೆಯಿರಿ: ಎಷ್ಟು ಹೊತ್ತಿಗೆ, ಏನು ಮಾಡುತ್ತಿದ್ದೆ, ಆಗ ನಿಜವಾಗಿ ಬೇಕಾಗಿದ್ದು ಏನು. ವೇಪ್ ಆದರೆ ಪ್ರತಿ ಸಲ ಪೆನ್ನು ಕೈಗೆತ್ತಿಕೊಂಡಾಗ ಬರೆಯಿರಿ.

ನಾನು ಸಿಗರೇಟಿನ ಕಾಲದಲ್ಲಿ ದಿನಕ್ಕೆ 12 ಸೇದುತ್ತಿದ್ದೆ. ಒಂದಕ್ಕೆ ಹತ್ತು ದಮ್ಮು ಅಂದುಕೊಂಡರೂ ದಿನಕ್ಕೆ 120 ಸಲ ಕೈ ಬಾಯಿಗೆ ಹೋಗುತ್ತಿತ್ತು. ಅಷ್ಟು ವರ್ಷ, ದಿನಾ ಅಷ್ಟು ಸಲ ಮಾಡಿದ ಕೆಲಸವನ್ನು ಕೈ ಒಂದೇ ರಾತ್ರಿಯಲ್ಲಿ ಮರೆಯುತ್ತದೆಯೇ? ವೇಪ್ ಬಿಡಲು ಹೊರಟಾಗ ಚೀಟಿ ಬರೆದೆ. ಬೆಳಗಿನ ಮೊದಲ ದಮ್ಮು ಮೈ ಕೇಳಿದ್ದು, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಗಿರಾಕಿಯ ಜೊತೆ ಫೋನಿನಲ್ಲಿ ಮಾತಾಡುವಾಗ ಎಳೆದದ್ದು ಬರೀ ಕೈಗೆ ಕೆಲಸ ಬೇಕಾಗಿ. ಕಷ್ಟದ ಬೋರ್ಡ್ ಒಂದು ಸರಿಹೋದ ಮೇಲೆ ಎಳೆದದ್ದು ಹೊರಗೆ ನಿಂತು ನಾಲ್ಕು ಸಲ ಆಳವಾಗಿ ಉಸಿರಾಡಲು. ಊಟ ಆದಮೇಲಿನದು ಗಂಟಲಲ್ಲಿ ಆ ಗೀರಿದ ಹಾಗಿನ ಅನುಭವ ಬೇಕಾಗಿ.

ಈ ಚೀಟಿಯೇ ನಿಮಗೆ ಯಾವ ಇನ್ಹೇಲರ್ ಬೇಕು ಅಂತ ಹೇಳುತ್ತದೆ. ಕೈಗೆ ಬೇಕಾದವರಿಗೆ ಒಂದು ಬಗೆ, ಗಂಟಲಿಗೆ ಬೇಕಾದವರಿಗೆ ಇನ್ನೊಂದು, ಉಸಿರಿಗೆ ಬೇಕಾದವರಿಗೆ ಮತ್ತೊಂದು. ಇದನ್ನು ತಿಳಿಯದೆ ಚೆಂದದ ಡಬ್ಬಿ ನೋಡಿ ಕೊಂಡರೆ ಎರಡು ದಿನದಲ್ಲಿ ಅದು ಡ್ರಾಯರ್ ಸೇರುತ್ತದೆ. ನನ್ನ ಮೊದಲನೆಯದು ಹಾಗೇ ಆಯಿತು.

ಚೀಟಿಯಲ್ಲಿ ಇನ್ನೊಂದು ವಿಷಯವನ್ನೂ ನೋಡಿ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೇ ಬೇಕು ಅನ್ನುವವರಾದರೆ ನಿಮ್ಮ ಮೈ ನಿಕೋಟಿನ್‌ಗೆ ಬಲವಾಗಿ ಒಗ್ಗಿಹೋಗಿದೆ. ಆಗ ವಾಸನೆಯ ಇನ್ಹೇಲರ್ ಒಂದನ್ನೇ ನಂಬಿ ಇಳಿಯಬೇಡಿ. ಮೊದಲು ವೈದ್ಯರನ್ನು ಕಾಣಿ.

ಇದರಿಂದ ಏನಾಗುತ್ತದೆ, ಏನಾಗುವುದಿಲ್ಲ

ಹೊಗೆ ಎಳೆದ 10-20 ಸೆಕೆಂಡಿನಲ್ಲಿ ನಿಕೋಟಿನ್ ಮೆದುಳು ಮುಟ್ಟುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಸೇದುವವರಿಗೆ ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಚಡಪಡಿಕೆ. ಪೂರ್ತಿ ಬಿಟ್ಟಾಗ ಮೊದಲ ಎರಡು ಮೂರು ದಿನ ಎಲ್ಲಕ್ಕಿಂತ ಕಷ್ಟ. ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಮೈಯ ಕಷ್ಟ ಬಹುಮಟ್ಟಿಗೆ ಇಳಿಯುತ್ತದೆ. ಕೈಯ ನೆನಪು ಮಾತ್ರ ಅಷ್ಟು ಬೇಗ ಹೋಗುವುದಿಲ್ಲ.

ವಾಸನೆಯ ಇನ್ಹೇಲರ್ ನಿಕೋಟಿನ್ ಜಾಗ ತುಂಬುವುದಿಲ್ಲ. ಅದು ಔಷಧವಲ್ಲ. ಆದರೆ ಸೇದಬೇಕು ಅನ್ನುವ ಒಂದೊಂದು ಸೆಳೆತವೂ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಆ ಕೆಲವು ನಿಮಿಷ ಕೈಗೆ, ಮೂಗಿಗೆ, ಉಸಿರಿಗೆ ಒಂದು ಕೆಲಸ ಸಿಕ್ಕರೆ ಅಲೆ ದಾಟಿ ಹೋಗುತ್ತದೆ. ಇದರಿಂದ ಬಯಸಬೇಕಾದದ್ದು ಇಷ್ಟೇ. ನನಗಂತೂ ಆ ನಿಮಿಷಗಳೇ ದೊಡ್ಡ ಯುದ್ಧವಾಗಿದ್ದವು.

ಇದಕ್ಕೆ ಒಂದು ಹಳೆಯ ಪ್ರಯೋಗದ ಆಧಾರವೂ ಇದೆ. 1994ರಲ್ಲಿ ಜೆಡ್ ರೋಸ್ ಮತ್ತು ಫ್ರೆಡರಿಕ್ ಬೆಹ್ಮ್ ಎಂಬ ಇಬ್ಬರು ಸಂಶೋಧಕರು ರಾತ್ರಿಯಿಡೀ ಸೇದದೆ ಬಂದ 48 ಜನರಿಗೆ ಸಿಗರೇಟಿನ ಹಾಗಿನ ಕೊಳವೆ ಕೊಟ್ಟರು. ಕೆಲವರದ್ದರಲ್ಲಿ ಕಾಳುಮೆಣಸಿನ ಎಣ್ಣೆ, ಕೆಲವರದ್ದರಲ್ಲಿ ಪುದೀನದ ಮೆಂಥಾಲ್, ಕೆಲವರದ್ದು ಖಾಲಿ. ಮೂರು ಗಂಟೆ ಅದನ್ನೇ ಎಳೆಯುತ್ತಾ ಕೂತರು. ಕಾಳುಮೆಣಸು ಎಳೆದವರಲ್ಲಿ ಸೇದುವ ಆಸೆ ಉಳಿದವರಿಗಿಂತ ಕಡಿಮೆ ಇತ್ತು. ಮೆಣಸಿನ ಘಾಟು ಗಂಟಲಿಗೆ, ಎದೆಗೆ ಹೊಗೆಯ ಹಾಗೇ ತಾಗುತ್ತದೆ, ಆ ತಾಗುವಿಕೆಯೇ ಒಂದಷ್ಟು ಸಮಾಧಾನ ಕೊಡುತ್ತದೆ ಅನ್ನುವುದು ಅವರ ವಾದ. ಜೆಡ್ ರೋಸ್ ನಿಕೋಟಿನ್ ಪ್ಯಾಚ್ ಕಂಡುಹಿಡಿದವರಲ್ಲಿ ಒಬ್ಬರು. ಪ್ರಯೋಗ ಸಣ್ಣದು, ಬರೀ ಮೂರು ಗಂಟೆಯದ್ದು. ಇದನ್ನು ನೋಡಿ ಮೆಣಸಿನ ಎಣ್ಣೆ ಚಟ ಬಿಡಿಸುತ್ತದೆ ಅಂತ ಹೇಳಲಾಗದು. ಆದರೆ ಗಂಟಲಿನ ಅನುಭವಕ್ಕೂ ಒಂದು ಹಸಿವಿದೆ ಅನ್ನುವುದು ನನ್ನ ಮಟ್ಟಿಗಂತೂ ನಿಜವಾಗಿತ್ತು.

ನಾನು ಬಿಚ್ಚಿ ನೋಡಿದ ಪೆನ್ನು

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ.

ನನ್ನ ಎರಡನೆಯ ಇನ್ಹೇಲರ್ ಒಂದು ಪೆನ್ನು. ಡಬ್ಬಿಯ ಮೇಲೆ ಎಲೆಯ ಚಿತ್ರ, ‘ನಿಕೋಟಿನ್ ಇಲ್ಲ’, ‘ಗಿಡಮೂಲಿಕೆಯ ಆವಿ’, ‘ಅರೋಮಾಥೆರಪಿ’ ಅನ್ನುವ ಮಾತುಗಳು. ಎಳೆದಾಗ ತುದಿಯಲ್ಲಿ ನೀಲಿ ದೀಪ ಹೊತ್ತುತ್ತಿತ್ತು. ಬಾಯಿಗೆ ಬೆಚ್ಚಗೆ ಬರುತ್ತಿತ್ತು, ಬಿಟ್ಟಾಗ ಬಿಳಿ ಹೊಗೆ. ಮೊದಲ ದಿನ ತುಂಬ ಖುಷಿಯಾಯಿತು. ನಾಲ್ಕನೇ ದಿನ ಹೆಂಡತಿ, ‘ಬೆಳಗ್ಗೆಯಿಂದ ಇದನ್ನ ಎಳೀತಾನೇ ಇದೀರಲ್ರೀ’ ಅಂದಳು. ನಿಜ, ಎಳೆಯುತ್ತಲೇ ಇದ್ದೆ. ಸಿಗರೇಟು ಒಂದು ಹೊತ್ತಿಗೆ ಮುಗಿಯುತ್ತದೆ, ಪೆನ್ನು ಮುಗಿಯುವುದಿಲ್ಲ. ಹನ್ನೊಂದನೇ ದಿನ ಹಳೆಯ ನಿಕೋಟಿನ್ ಪೆನ್ನು ಮತ್ತೆ ಕೈಯಲ್ಲಿತ್ತು. ಹೊಗೆ ಅದೇ, ಬಿಸಿ ಅದೇ, ಬೆರಳ ಹಿಡಿತ ಅದೇ. ಕೈಗೆ ವ್ಯತ್ಯಾಸವೇ ಗೊತ್ತಾಗಿರಲಿಲ್ಲ.

ಆಮೇಲೆ ಒಂದು ಸಂಜೆ ಆ ಗಿಡಮೂಲಿಕೆಯ ಪೆನ್ನನ್ನು ಕೆಲಸದ ಮೇಜಿನ ಮೇಲಿಟ್ಟು ಬಿಚ್ಚಿದೆ. ತುದಿಯ ಮುಚ್ಚಳ ಎಬ್ಬಿಸಿದರೆ ಒಳಗೆ ಒಂದು ಸಣ್ಣ ಲಿಥಿಯಂ ಸೆಲ್. ಅದರ ತಲೆಗೆ ಗುಂಡಗಿನ ಒಂದು ಸೆನ್ಸರ್, ಗಾಳಿ ಎಳೆದಾಗ ಸ್ವಿಚ್ ಒತ್ತಿದ ಹಾಗೆ ಕೆಲಸ ಮಾಡುವಂಥದ್ದು. ಎರಡು ತೆಳು ತಂತಿ ಹಿಡಿದು ಮುಂದೆ ಹೋದರೆ ಬತ್ತಿಗೆ ಸುತ್ತಿದ ಕಾಯಿಲ್, ಕಾದು ದ್ರವವನ್ನು ಆವಿ ಮಾಡುವ ತಂತಿಯ ಸುರುಳಿ. ಕಾಯಿಲ್ ಸುತ್ತ ಹತ್ತಿ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಕಡೆ ಕಪ್ಪಗೆ ಸುಟ್ಟಿತ್ತು. ಚಿಮಟದಲ್ಲಿ ಎತ್ತಿ ಮೂಗಿಗೆ ಹಿಡಿದೆ. ಲ್ಯಾವೆಂಡರ್ ಎಲ್ಲಿ ಬಂತು, ಸೀದ ಸಕ್ಕರೆಯ ವಾಸನೆ. ನಿಕೋಟಿನ್ ಪೆನ್ನನ್ನೂ ಪಕ್ಕಕ್ಕಿಟ್ಟು ಬಿಚ್ಚಿದೆ. ಎರಡರ ಒಳಗೂ ಇದ್ದದ್ದು ಒಂದೇ ಸಾಮಾನು.

ಬಿಸಿ ಮಾಡುವುದರಲ್ಲಿ ಏನು ತಪ್ಪು ಅಂತ ಕೇಳಬಹುದು. ಇಂಥ ಪೆನ್ನಿನ ದ್ರವದಲ್ಲಿ ಸಾಮಾನ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಇರುತ್ತವೆ. ಕಾಯಿಲ್ ಕಾದಾಗ ಇವು ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ಕೆಟ್ಟ ವಸ್ತುಗಳು ಹುಟ್ಟುತ್ತವೆ. ಇನ್ನು, ತಿನ್ನಲು ಸರಿ ಅನ್ನಿಸಿಕೊಂಡ ಎಲ್ಲವೂ ಶ್ವಾಸಕೋಶಕ್ಕೆ ಸರಿಯಲ್ಲ. ಡೈಅಸೆಟೈಲ್ ಅನ್ನುವ ಬೆಣ್ಣೆ ವಾಸನೆಯ ವಸ್ತುವನ್ನು ತಿಂಡಿಗೆ ಹಾಕುತ್ತಾರೆ. 2000ದ ಸುಮಾರಿಗೆ ಅಮೆರಿಕದ ಒಂದು ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಅದರ ಆವಿ ಕುಡಿದ ಕೆಲಸಗಾರರ ಶ್ವಾಸಕೋಶದ ಸಣ್ಣ ನಾಳಗಳೇ ಕಟ್ಟಿಕೊಂಡಿದ್ದು ಬೆಳಕಿಗೆ ಬಂತು. 2019ರಲ್ಲಿ ಅದೇ ದೇಶದಲ್ಲಿ ವೇಪ್ ಎಳೆದವರ ಶ್ವಾಸಕೋಶ ಇದ್ದಕ್ಕಿದ್ದಂತೆ ಕೆಡುವ ಕಾಯಿಲೆ ಹರಡಿತು. 2020ರ ಫೆಬ್ರವರಿಯ ಲೆಕ್ಕದಂತೆ 2,807 ಜನ ಆಸ್ಪತ್ರೆ ಸೇರಿದ್ದರು ಅಥವಾ ಸತ್ತಿದ್ದರು. ಸತ್ತವರು 68. ಹೆಚ್ಚಿನವರು ಎಳೆದದ್ದು ಗಾಂಜಾದ ಅಂಶ ಇದ್ದ ಪೆನ್ನುಗಳು, ಮತ್ತು ಮುಖ್ಯವಾಗಿ ಬೆರಳು ತೋರಿದ್ದು ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಕಡೆಗೆ. ಅದೇ ವಿಟಮಿನ್ ಇ, ಮೈಗೆ ಹಚ್ಚುವ ಕ್ರೀಮಿನಲ್ಲೂ ಇರುವಂಥದ್ದು. ಆರೋಗ್ಯದ ಹೆಸರಿನಲ್ಲಿ ಮಾರುವ ವಿಟಮಿನ್ ಮತ್ತು ಸುಗಂಧ ತೈಲದ ವೇಪ್‌ಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರ ಡಿಸೆಂಬರ್‌ನಲ್ಲಿ ಜನರಿಗೆ ಎಚ್ಚರಿಕೆಯನ್ನೂ ಕೊಟ್ಟಿತು.

‘ನಿಕೋಟಿನ್ ಇಲ್ಲ’ ಅನ್ನುವ ಮಾತಿನಲ್ಲೂ ಒಂದು ಮೋಸ ನುಸುಳಿದೆ. ಕೆಲವು ಪೆನ್ನುಗಳಲ್ಲಿ ನಿಕೋಟಿನ್ ಬದಲು 6-ಮಿಥೈಲ್ ನಿಕೋಟಿನ್ ಎಂಬ ಅದರ ಹತ್ತಿರದ ನೆಂಟನನ್ನು ಹಾಕುತ್ತಾರೆ. ಕಾಗದದ ಮೇಲೆ ನಿಕೋಟಿನ್ ಇಲ್ಲ, ಆದರೆ ಮೆದುಳಿನಲ್ಲಿ ಅದು ತಟ್ಟುವ ಬಾಗಿಲು ಅದೇ.

ಆದ್ದರಿಂದ ಅಂಗಡಿಯಲ್ಲಿ ಹೀಗೆ ನೋಡಿ. ಚಾರ್ಜ್ ಮಾಡುವ ತೂತು ಇದೆಯೇ? ಎಳೆದರೆ ದೀಪ ಹೊತ್ತುತ್ತದೆಯೇ? ಬಾಯಿಂದ ಹೊಗೆಯ ಹಾಗೆ ಏನಾದರೂ ಬರುತ್ತದೆಯೇ? ಮೂರರಲ್ಲಿ ಒಂದಕ್ಕೆ ಹೌದು ಅಂದರೂ ಅದು ವೇಪ್. ಡಬ್ಬಿಯ ಮೇಲೆ ಏನೇ ಬರೆದಿರಲಿ, ವಾಪಸ್ ಇಟ್ಟುಬಿಡಿ. ನಮಗೆ ಬೇಕಾದ ಇನ್ಹೇಲರ್‌ನಲ್ಲಿ ಬ್ಯಾಟರಿ ಇರುವುದಿಲ್ಲ, ಬಿಸಿ ಇರುವುದಿಲ್ಲ. ತಣ್ಣಗಿನ ಗಾಳಿ ವಾಸನೆ ಹಿಡಿದುಕೊಂಡು ಬರುತ್ತದೆ, ಅಷ್ಟೇ.

ಉಳಿದ ಬಗೆಗಳಲ್ಲಿ ನಿಮ್ಮದು ಯಾವುದು

ಬಿಸಿ ಮಾಡುವುದನ್ನು ತೆಗೆದುಹಾಕಿದರೆ ಉಳಿಯುವುದು ಮೂರು ಬಗೆ.

ಮೊದಲನೆಯದು ಮೂಗಿನ ಕಡ್ಡಿ. ನೆಗಡಿಯಾದಾಗ ಮೂಗಿಗೆ ಹಿಡಿಯುತ್ತೇವಲ್ಲ, ಅದೇ ಆಕಾರ. ಒಳಗೆ ಎಣ್ಣೆ ಹೀರಿದ ಬತ್ತಿ, ಕೆಳಗೊಂದು ಬಿರಡೆ, ಮೇಲೊಂದು ಮುಚ್ಚಳ. ‘ಹೊರಗೆ ಹೋಗಿ ಉಸಿರೆಳೆಯಲು’ ಅಂತ ಚೀಟಿಯಲ್ಲಿ ಜಾಸ್ತಿ ಬರೆದವರಿಗೆ ಇದು ಒಪ್ಪುತ್ತದೆ. ಬಾಯಿಗೆ ಹೋಗುವುದಿಲ್ಲವಾದ್ದರಿಂದ ಸೇದುವ ಭಂಗಿಯಿಂದಲೂ ನಿಧಾನಕ್ಕೆ ಬಿಡಿಸುತ್ತದೆ. ನನ್ನ ಮೆಚ್ಚಿನದು ಇದೇ.

ಎರಡನೆಯದು ಬಾಯಲ್ಲಿ ಎಳೆಯುವ ಕೊಳವೆ. ಮರದ್ದೋ ಲೋಹದ್ದೋ ಇರುತ್ತದೆ, ಒಳಗೆ ವಾಸನೆ ಹೀರಿದ ಒಣ ಬತ್ತಿಯ ತುಂಡು. ಕೈ ಮತ್ತು ಬಾಯಿ ಎರಡೂ ಕೇಳುವವರಿಗೆ ಮೊದಲ ವಾರಗಳಲ್ಲಿ ಇದು ಸಲೀಸು. ಆದರೆ ಕೊಳ್ಳುವಾಗ ಹೆಚ್ಚು ಎಚ್ಚರ ಬೇಕಾದದ್ದೂ ಇದಕ್ಕೇ. ಬತ್ತಿ ಒಣಗಿರಬೇಕು. ಕೊಳವೆಯನ್ನು ತಲೆಕೆಳಗೆ ಮಾಡಿ ಟಿಶ್ಯೂ ಮೇಲೆ ತಟ್ಟಿ. ಎಣ್ಣೆಯ ಗುರುತು ಬಿದ್ದರೆ ಬೇಡ, ಅದು ನಾಳೆ ನಾಲಿಗೆಗೆ, ಗಂಟಲಿಗೆ ಇಳಿಯುತ್ತದೆ. ಬತ್ತಿ ಬಾಯಿಡುವ ತುದಿಯಿಂದ ದೂರ ಇರಬೇಕು. ಆಮೇಲೆ ಎಳೆತ ನೋಡಿ. ಸಿಗರೇಟಿಗೆ ಒಂದು ಬಿಗಿ ಇರುತ್ತದೆ, ಸ್ವಲ್ಪ ತಡೆದು ತಡೆದು ಬರುತ್ತದೆ. ಕೊಳವೆ ತೀರಾ ಸಡಿಲವಾಗಿದ್ದರೆ ಖಾಲಿ ಗಾಳಿ ಕುಡಿದ ಹಾಗಾಗುತ್ತದೆ. ಸಾಲದು ಅಂತ ಜೋರಾಗಿ ಎಳೆಯುತ್ತೀರಿ, ನಾಲ್ಕು ನಿಮಿಷದಲ್ಲಿ ತಲೆ ಸುತ್ತುತ್ತದೆ. ಗಾಳಿಯ ತೂತನ್ನು ತಿರುಗಿಸಿ ಬಿಗಿ ಮಾಡಿಕೊಳ್ಳುವಂಥದ್ದು ಸಿಕ್ಕರೆ ಅದೇ ಒಳ್ಳೆಯದು.

ಮೂರನೆಯದು ವಾಸನೆಯೇ ಇಲ್ಲದ ಸಣ್ಣ ಲೋಹದ ನಳಿಕೆ. ಕೊರಳಿಗೆ ಹಾಕಿಕೊಂಡು, ಅದರ ಮೂಲಕ ನಿಧಾನವಾಗಿ ಉಸಿರು ಬಿಡುವಂಥದ್ದು. ವಾಸನೆ ಆಗದವರಿಗೆ, ಅಸ್ತಮಾ ಇರುವವರಿಗೆ ಇದೇ ಸರಿ.

ಹೆಸರು ಒಂದೇ ಇರುವುದರಿಂದ ಇನ್ನೊಂದರ ಜೊತೆ ಗೊಂದಲ ಆಗಬಾರದು. ನಿಕೋಟಿನ್ ಇನ್ಹೇಲರ್ ಅಂತ ಒಂದು ಔಷಧವಿದೆ. ಅದರ ಒಂದು ಬಗೆಯ ಕಾರ್ಟ್ರಿಜ್‌ನಲ್ಲಿ 10 ಮಿಲಿಗ್ರಾಂ ನಿಕೋಟಿನ್ ಇದ್ದು, ಅದರಲ್ಲಿ ಸುಮಾರು 4 ಮಿಲಿಗ್ರಾಂ ಹೊರಬರುತ್ತದೆ. ಬಹುಪಾಲು ಬಾಯಿಯ ಒಳಚರ್ಮದಿಂದಲೇ ಮೈ ಸೇರುತ್ತದೆ. ಅದು ಒಳ್ಳೆಯ ಔಷಧವೇ, ಆದರೆ ನಾವು ಮಾತಾಡುತ್ತಿರುವುದು ಅದಲ್ಲ. ವೈದ್ಯರ ಸಲಹೆಯಂತೆ ಬಳಸಬೇಕಾದದ್ದು.

ಪ್ಲಾಸ್ಟಿಕ್ ಬಗ್ಗೆ ನನ್ನ ಕಸುಬಿನಿಂದ ಒಂದು ಮಾತು. ಫೋನಿನ ಹಿಂದೆ ಅಂಟಿದ ಸ್ಟಿಕ್ಕರ್ ಗೋಂದು ಕೀಳಲು ಕಿತ್ತಳೆ ವಾಸನೆಯ ಒಂದು ದ್ರಾವಣ ಬಳಸುತ್ತೇವೆ. ಅದರಲ್ಲಿರುವುದು ಲಿಮೊನೀನ್, ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ತುಂಬಿರುವುದೂ ಅದೇ. ಕೆಲಸ ಕಲಿಯುವ ದಿನಗಳಲ್ಲಿ ಅದರ ಒಂದು ಹನಿ ಪಾಲಿಸ್ಟೈರೀನ್ ಡಬ್ಬಿಯ ಮೇಲೆ ಬಿದ್ದಿತ್ತು. ಬೆಳಗ್ಗೆ ನೋಡಿದರೆ ಆ ಜಾಗ ಮಂಜು ಹಿಡಿದ ಹಾಗೆ ಬೆಳ್ಳಗಾಗಿ, ಬೆರಳಿಟ್ಟರೆ ಜಿಗುಟು. ಗಾಜಿನ ಹಾಗೆ ಹೊಳೆಯುವ, ಒತ್ತಿದರೆ ಟಕ್ಕನೆ ಸೀಳುವ ಪ್ಲಾಸ್ಟಿಕ್‌ನ ಇನ್ಹೇಲರ್ ಕೊಳ್ಳಬೇಡಿ. ಸ್ಟೀಲ್, ಅಲ್ಯೂಮಿನಿಯಂ, ಗಾಜು ಒಳ್ಳೆಯದು. ಪ್ಲಾಸ್ಟಿಕ್ಕೇ ಆದರೆ ಪಾಲಿಪ್ರೊಪಿಲೀನ್ ಅಂತ ಬರೆದಿರಲಿ, ಸ್ವಲ್ಪ ಬಾಗುವ, ಹಾಲಿನ ಬಣ್ಣದ ಪ್ಲಾಸ್ಟಿಕ್ ಅದು.

ಕೈಯಲ್ಲಿ ಹಿಡಿದಾಗ ಹೇಗಿದೆ ಅನ್ನುವುದೂ ಮುಖ್ಯ, ಇದನ್ನು ಸಣ್ಣ ವಿಷಯ ಅನ್ನಬೇಡಿ. ಮುಚ್ಚಳ ತೆಗೆದು ಹಾಕುವಾಗ ಟಿಕ್ ಅನ್ನುವ ಸದ್ದು, ಸ್ವಲ್ಪ ತೂಕ, ಹೆಬ್ಬೆರಳಿಗೆ ಸಿಗುವ ಒಂದು ಗೀರು. ಲೈಟರ್ ತಿರುವುತ್ತಿದ್ದ ಬೆರಳಿಗೆ ಇವೆಲ್ಲ ಬೇಕು.

ವಾಸನೆ ಆರಿಸುವುದು

ಎಲ್ಲರೂ ಮೊದಲು ಕೊಡುವುದು ಪುದೀನ. ಅದಕ್ಕೆ ಕಾರಣವಿದೆ. ಪುದೀನದ ಮೆಂಥಾಲ್ ನಮ್ಮ ಮೂಗು, ಬಾಯಿಯಲ್ಲಿ ಚಳಿಯನ್ನು ಗುರುತಿಸುವ ನರಗಳನ್ನೇ ತಟ್ಟುತ್ತದೆ. ಗಾಳಿ ತಣ್ಣಗಾಗಿರುವುದಿಲ್ಲ, ಆದರೂ ತಣ್ಣಗೆ ಅನ್ನಿಸುತ್ತದೆ. ಎದೆ ತೆರೆದ ಹಾಗಾಗುತ್ತದೆ. ಬಹಳ ಜನಕ್ಕೆ ಇದೇ ಸಾಕು.

ಆದರೆ ನೀವು ಮೆಂಥಾಲ್ ಸಿಗರೇಟೋ ಪುದೀನದ ವೇಪೋ ಎಳೆಯುತ್ತಿದ್ದವರಾದರೆ ಪುದೀನವನ್ನು ಮುಟ್ಟಬೇಡಿ. ನಾನು ಕಲಿತದ್ದು ಇದನ್ನೇ. ನನ್ನ ವೇಪ್ ಪುದೀನದ್ದು. ಮೂರನೆಯ ಇನ್ಹೇಲರ್ ಮೂಗಿನ ಕಡ್ಡಿಯೇ, ವಸ್ತು ಚೆನ್ನಾಗಿಯೇ ಇತ್ತು, ಆದರೆ ಪುದೀನ. ಪ್ರತಿ ಸಲ ಮೂಗಿಗೆ ಹಿಡಿದಾಗ ಬಾಯಲ್ಲಿ ನೀರೂರಿ, ಪೆನ್ನು ಎಲ್ಲಿ ಅಂತ ಕೈ ಜೇಬಿಗೆ ಹೋಗುತ್ತಿತ್ತು. ವಾಸನೆ ಮತ್ತು ನೆನಪಿನ ನಂಟು ಅಷ್ಟು ಗಟ್ಟಿ. ಬೇರೆ ವಾಸನೆ ಹಾಕಿದ ಮೇಲೆ ಅದೇ ಕಡ್ಡಿ ಕೆಲಸಕ್ಕೆ ಬಂತು. ಹಾಗಾಗಿ ನನ್ನ ಸಲಹೆ: ನಿಮ್ಮ ಚಟಕ್ಕೆ ಯಾವ ರೀತಿಯಲ್ಲೂ ಸಂಬಂಧವಿಲ್ಲದ ವಾಸನೆ ಆರಿಸಿ. ಸಿಹಿ ಹಣ್ಣಿನ ವೇಪ್ ಎಳೆದವರು ಸಿಹಿಯಿಂದ ದೂರವಿರಿ.

ಗಂಟಲಿನ ಗೀರು ಬೇಕು ಅನ್ನುವವರಿಗೆ ಕಾಳುಮೆಣಸಿನ ಎಣ್ಣೆ. ಇದು ಮೂಗಿಗೆ ಖಾರ ಹೊಡೆಯುವುದಿಲ್ಲ, ಮೆಣಸಿನ ಖಾರ ಕೊಡುವ ಪೈಪರಿನ್ ಈ ಎಣ್ಣೆಗೆ ಬರುವುದೇ ಇಲ್ಲ ಅನ್ನಬಹುದು. ಬೆಚ್ಚಗಿನ, ಒಣ ಕಟ್ಟಿಗೆಯಂಥ ಘಾಟು. ನೀಲಗಿರಿ ಎಣ್ಣೆ ಮೂಗು ಬಿಡಿಸುತ್ತದೆ, ಆದರೆ ಜೋರು, ಸ್ವಲ್ಪವೇ ಸಾಕು. ಕಿತ್ತಳೆ ಮನಸ್ಸಿಗೆ ಹಗುರ. ಲ್ಯಾವೆಂಡರ್ ರಾತ್ರಿಗೆ, ಬಿಟ್ಟ ಮೊದಲ ವಾರ ನಿದ್ದೆ ಕೆಡುತ್ತದಲ್ಲ, ಆಗ. ಲವಂಗ, ದಾಲ್ಚಿನ್ನಿ ಎಣ್ಣೆ ಬೇಡ. ಮೂಗಿನ, ಗಂಟಲಿನ ಒಳಚರ್ಮವನ್ನು ಇವು ಕೆರಳಿಸುತ್ತವೆ. ಹೊಗೆಯಿಂದ ಮೊದಲೇ ನೊಂದ ಗಂಟಲು ಅದು, ಇನ್ನಷ್ಟು ನೋಯಿಸುವುದು ಯಾಕೆ?

ಅಂಗಡಿಯಲ್ಲಿ ಒಂದೇ ಸಲ ಹತ್ತು ಬಾಟಲಿ ಮೂಸಬೇಡಿ. ಮೂರಕ್ಕೆ ಮೂಗು ದಣಿಯುತ್ತದೆ. ಕಾಗದದ ಚೂರಿಗೆ ಒಂದು ಹನಿ ಹಾಕಿಸಿಕೊಂಡು ಮನೆಗೆ ತನ್ನಿ, ಅರ್ಧ ದಿನ ಬಿಟ್ಟು ಮತ್ತೆ ಮೂಸಿ. ಆಗಲೂ ಹಿತವಾಗಿದ್ದರೆ ತಗೊಳ್ಳಿ. ಮತ್ತೊಂದು ವಿಷಯ: ಬಿಟ್ಟ ಮೇಲೆ ಮೂಗು ಚುರುಕಾಗುತ್ತಾ ಬರುತ್ತದೆ. ಮೊದಲ ದಿನ ಸಾಲದು ಅನ್ನಿಸಿದ ಘಮ ಮೂರನೇ ವಾರಕ್ಕೆ ತಲೆನೋವು ತರಬಹುದು. ಅದಕ್ಕೇ ಬತ್ತಿ ಬದಲಿಸಬಹುದಾದ ಇನ್ಹೇಲರ್ ಕೊಳ್ಳಿ ಅನ್ನುವುದು. ಮುಚ್ಚಿ ಅಂಟಿಸಿದ್ದಾದರೆ ಹನಿ ಕಡಿಮೆ ಮಾಡಲು ಆಗುವುದಿಲ್ಲ.

ಬಾಟಲಿಯ ಲೇಬಲ್ ಓದುವುದು

ಬಾಟಲಿಯ ಮೇಲೆ ಗಿಡದ ಲ್ಯಾಟಿನ್ ಹೆಸರು ಇರಬೇಕು. ಪುದೀನವಾದರೆ ಮೆಂಥಾ ಪೈಪೆರಿಟಾ, ಕಾಳುಮೆಣಸಾದರೆ ಪೈಪರ್ ನೈಗ್ರಮ್. ಬರೀ ‘ಸುಗಂಧ’ ಅಥವಾ ‘ಫ್ರಾಗ್ರೆನ್ಸ್’ ಅಂತ ಇದ್ದರೆ ಒಳಗೆ ಏನಿದೆ ಅಂತ ನಿಮಗೆ ಹೇಳುತ್ತಿಲ್ಲ ಅಂತ ಅರ್ಥ. ತಯಾರಾದ ದಿನಾಂಕ, ಬ್ಯಾಚ್ ನಂಬರ್ ನೋಡಿ. ಕಿತ್ತಳೆ, ಲ್ಯಾವೆಂಡರ್ ಎಣ್ಣೆಗಳು ಗಾಳಿ ತಾಗಿ ಹಳತಾದರೆ ಅಲರ್ಜಿ ತರಿಸುವ ಗುಣ ಬರುತ್ತದೆ. ಬಣ್ಣದ ಗಾಜಿನ ಬಾಟಲಿ, ಬಿಗಿ ಮುಚ್ಚಳ, ಬಿಸಿಲು ಬೀಳದ ಜಾಗ.

ತೆಂಗಿನೆಣ್ಣೆ, ಎಳ್ಳೆಣ್ಣೆಯಂಥ ಜಿಡ್ಡಿನ ಎಣ್ಣೆ ಬೆರೆಸಿದ್ದು ಮೈಗೆ ಹಚ್ಚಲು, ಇನ್ಹೇಲರ್‌ಗಲ್ಲ. ಜಿಡ್ಡು ಗಾಳಿಗೆ ಏಳುವುದಿಲ್ಲ, ಬತ್ತಿಯಲ್ಲೇ ಕೂತು ಕಮಟುತ್ತದೆ. ಹನಿಹನಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಒಂದು ಬಗೆಯ ನ್ಯುಮೋನಿಯಾ ಬರುವುದೂ ಉಂಟು. ‘ಏಳು ದಿನದಲ್ಲಿ ಚಟ ಮಾಯ’ ಅಂತ ಬರೆದಿದ್ದರೆ ಆ ಕಂಪನಿಯ ಉಳಿದ ಮಾತುಗಳನ್ನೂ ನಂಬಬೇಡಿ.

ಅಸ್ತಮಾ ಇದ್ದರೆ, ಮೂರ್ಛೆರೋಗ ಇದ್ದರೆ, ಬಸುರಿಯಾಗಿದ್ದರೆ ಮೊದಲು ವೈದ್ಯರನ್ನು ಕೇಳಿ. ಜೋರು ವಾಸನೆಗೆ ಅಸ್ತಮಾ ಕೆರಳಬಹುದು. ಕರ್ಪೂರ, ನೀಲಗಿರಿ ಮೂರ್ಛೆಯವರಿಗೆ ಆಗದು. ಸಣ್ಣ ಮಕ್ಕಳ ಮೂಗಿನ ಹತ್ತಿರ ಮೆಂಥಾಲ್, ಕರ್ಪೂರ, ನೀಲಗಿರಿ ತರಲೇಬೇಡಿ, ಉಸಿರು ಕಟ್ಟಬಹುದು. ಬಾಟಲಿ ಮಗುವಿನ ಬಾಯಿಗೆ ಹೋದರೆ ಅದು ವಿಷವೇ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೂ ಈ ಎಣ್ಣೆಗಳು ಆಗುವುದಿಲ್ಲ. ನಾನು ಬಾಟಲಿಗಳನ್ನು ಸೋಲ್ಡರಿಂಗ್ ಸಾಮಾನಿನ ಜೊತೆ ಬೀಗದ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಮಗಳಿಗೆ ಆಗ ಐದು ವರ್ಷ.

ನಾನು ತುಂಬುತ್ತಿದ್ದ ಬಗೆ

ಖಾಲಿ ಮೂಗಿನ ಕಡ್ಡಿ ಬತ್ತಿಯ ಜೊತೆಗೇ ಸಿಗುತ್ತದೆ. ಸಣ್ಣ ಗಾಜಿನ ಬಟ್ಟಲಿಗೆ ಕಿತ್ತಳೆ 4 ಹನಿ, ಕಾಳುಮೆಣಸು 3 ಹನಿ, ಲ್ಯಾವೆಂಡರ್ 1 ಹನಿ ಬಿಡುತ್ತಿದ್ದೆ. ಬತ್ತಿಯನ್ನು ಚಿಮಟದಲ್ಲಿ ಹಿಡಿದು ಆ ಬಟ್ಟಲಲ್ಲಿ ಹೊರಳಿಸಬೇಕು. ಎಣ್ಣೆಯೆಲ್ಲ ಒಳಕ್ಕೆ ಹೀರಿ, ಬಟ್ಟಲು ಒಣಗಿದ ಹಾಗೆ ಕಾಣುತ್ತದೆ. ಆಗ ಕಡ್ಡಿಯೊಳಗೆ ಜಾರಿಸಿ, ಕೆಳಗಿನ ಬಿರಡೆಯನ್ನು ಟಪ್ ಅನ್ನುವವರೆಗೆ ಒತ್ತಿ. ಬಿರಡೆ ಸರಿಯಾಗಿ ಕೂರದಿದ್ದರೆ ಜೇಬಿನಲ್ಲಿ ಸೋರುತ್ತದೆ. ಮೊದಲ ಸಲ ಇದರ ಅರ್ಧದಷ್ಟೇ ಹನಿ ಹಾಕಿ ನೋಡಿ. ಬತ್ತಿಯಿಂದ ಎಣ್ಣೆ ತೊಟ್ಟಿಕ್ಕಬಾರದು, ಹೊಳ್ಳೆಗೆ ತಾಗಿದರೆ ಉರಿಯುತ್ತದೆ. ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ. ಹಾಗೇ ಕಣ್ಣುಜ್ಜಿದರೆ ಅರ್ಧ ಗಂಟೆ ಹೋಯಿತು.

ಬಳಸುವುದು ಹೀಗೆ. ಸೆಳೆತ ಬಂದಾಗ ಇದ್ದ ಜಾಗದಿಂದ ಏಳಿ. ಮುಚ್ಚಳ ತೆಗೆದು ಮೂಗಿನಿಂದ ಒಂದು ಬೆರಳು ದೂರ ಹಿಡಿದು, ನಾಲ್ಕು ಎಣಿಸುವವರೆಗೆ ಒಳಗೆಳೆಯಿರಿ. ಕಡ್ಡಿ ಕೆಳಗಿಳಿಸಿ, ಆರೋ ಏಳೋ ಎಣಿಸುವವರೆಗೆ ಬಾಯಿಂದ ನಿಧಾನವಾಗಿ ಬಿಡಿ. ನಾಲ್ಕೈದು ಸಲ ಸಾಕು. ಮುಚ್ಚಳ ಹಾಕಿ, ಜೇಬಿಗಿಡಿ. ಆಮೇಲೆ ಐದು ನಿಮಿಷ ಬೇರೇನಾದರೂ ಮಾಡಿ. ಮುಚ್ಚಳ ಹಾಕುವುದನ್ನು ಬಿಡಬೇಡಿ, ವೇಪ್ ಬಿಟ್ಟವರಿಗೆ ಇದು ಇನ್ನೂ ಮುಖ್ಯ. ಮುಚ್ಚಳ ಹಾಕಿದರೆ ಈ ಸುತ್ತು ಮುಗಿಯಿತು ಅಂತ ಕೈಗೂ ಗೊತ್ತಾಗುತ್ತದೆ. ಸಿಗರೇಟು ಪ್ಯಾಕು ಯಾವ ಜೇಬಿನಲ್ಲಿತ್ತೋ ಅದೇ ಜೇಬಿನಲ್ಲಿ ಇದನ್ನಿಡಿ. ಮತ್ತೆ, ಇನ್ಹೇಲರನ್ನು ಬೇರೆಯವರ ಜೊತೆ ಹಂಚಿಕೊಳ್ಳಬೇಡಿ.

ಸಿಗರೇಟು ಬಿಟ್ಟವರಿಗೆ ಒಂದು ಮಾತು. ಕೆಲವು ದಿನ ಕಳೆದ ಮೇಲೆ ಎದೆ ಢವಗುಟ್ಟಿ ಕೈ ನಡುಗಿದರೆ ಇನ್ಹೇಲರ್ ಮೇಲೆ ತಪ್ಪು ಹೊರಿಸುವ ಮೊದಲು ಕಾಫಿ ಲೆಕ್ಕ ಹಾಕಿ. ಹೊಗೆ ಒಳಗಿದ್ದಾಗ ಲಿವರ್ ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತ ಮೇಲೆ ಅದೇ ಎರಡು ಲೋಟ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಅರ್ಧಕ್ಕೆ ಇಳಿಸಿ ನೋಡಿ.

ಇಷ್ಟಾದರೂ ಮೂರನೇ ದಿನ ತಲೆ ಸಿಡಿಯುವಂತಾಗಿ, ಮನೆಯವರ ಮೇಲೆಲ್ಲ ರೇಗುತ್ತಿದ್ದರೆ ಅದು ನಿಕೋಟಿನ್ ಹಸಿವು. ಆಗ ಇನ್ನೊಂದು ಎಣ್ಣೆ ಕೊಳ್ಳಲು ಹೋಗಬೇಡಿ, ವೈದ್ಯರ ಹತ್ತಿರ ಹೋಗಿ. 2024ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂಬಾಕು ಬಿಡುವವರಿಗೆ ಹೇಳಿದ ಔಷಧಗಳು ಇವು: ಪ್ಯಾಚ್, ಗಮ್‌ನಂಥ ನಿಕೋಟಿನ್ ಬದಲಿಗಳು, ವರೆನಿಕ್ಲಿನ್, ಬುಪ್ರೋಪಿಯಾನ್, ಸೈಟಿಸಿನ್. ಇವಕ್ಕೆ ನಿಜವಾದ ಪುರಾವೆ ಇದೆ. ವಾಸನೆಯ ಕಡ್ಡಿಯಲ್ಲಿ ನಿಕೋಟಿನ್ ಇಲ್ಲವಾದ್ದರಿಂದ ಪ್ಯಾಚ್ ಜೊತೆ ಬಳಸಿದರೆ ನಿಕೋಟಿನ್ ಜಾಸ್ತಿಯಾಗುವ ಭಯವಿಲ್ಲ. ನಾನು ಹತ್ತು ವಾರ ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿದ್ದೆ.

ಮೊದಲ ವಾರ ದಿನಕ್ಕೆ ಇಪ್ಪತ್ತು ಸಲವಾದರೂ ಕಡ್ಡಿ ತೆಗೆಯುತ್ತಿದ್ದೆ. ಎರಡನೇ ತಿಂಗಳಿಗೆ ಐದಾರು ಸಲ. ಬತ್ತಿಯ ಘಮ ಮಂಕಾದಾಗ, ಸುಮಾರು ತಿಂಗಳಿಗೊಮ್ಮೆ, ಹಳೆಯದನ್ನು ಕಾಗದದಲ್ಲಿ ಸುತ್ತಿ ಮುಚ್ಚಳವಿರುವ ಕಸದ ಡಬ್ಬಕ್ಕೆ ಹಾಕಿ ಹೊಸ ಬತ್ತಿ ತುಂಬುತ್ತಿದ್ದೆ. ಐದನೇ ತಿಂಗಳಲ್ಲಿ ಒಂದು ದಿನ ಹಠಮಾರಿ ಬೋರ್ಡ್ ಒಂದರ ಮುಂದೆ ಕೂತು ಬೇಜಾರಾಗಿ ಕಡ್ಡಿ ತೆಗೆದು ಮೂಗಿಗೆ ಹಿಡಿದೆ. ಏನೂ ಬರಲಿಲ್ಲ. ಬತ್ತಿ ಯಾವಾಗಲೋ ಒಣಗಿಹೋಗಿತ್ತು. ಮುಚ್ಚಳ ಹಾಕಿ ಜೇಬಿಗಿಟ್ಟು, ಎದ್ದು ಬಾಗಿಲ ಹತ್ತಿರ ನಿಂತು ನಾಲ್ಕು ಸಲ ಉಸಿರೆಳೆದು ಬಂದು, ಬೋರ್ಡ್ ಮತ್ತೆ ಕೈಗೆತ್ತಿಕೊಂಡೆ.